ಮದುವೆಯ ಕಾವ್ಯ, ಆಮೇಲಿನ ರಕ್ತ

ಹಂಪಿಯ ವಿಠ್ಠಲ ದೇವಸ್ಥಾನಕ್ಕೆ ಹೋದವರು ಕಲ್ಲಿನ ರಥದ ಮುಂದೆ ಸೆಲ್ಫಿ ತೆಗೆದುಕೊಳ್ಳದೆ ವಾಪಸ್ ಬರುವುದಿಲ್ಲ. ಐವತ್ತು ರೂಪಾಯಿ ನೋಟಿನ ಮೇಲಿರೋದೂ ಅದೇ ರಥ. ಆದರೆ ಅದೇ ದೇವಸ್ಥಾನದಲ್ಲಿ ಒಬ್ಬ ಹೆಣ್ಣುಮಗಳು ರಚಿಸಿದ ಸಂಸ್ಕೃತ ಶ್ಲೋಕದ ಶಾಸನವೂ ಇದೆ. 1533ರಲ್ಲಿ ಅಚ್ಯುತದೇವರಾಯ ಸುವರ್ಣಮೇರು ಎಂಬ ದಾನ ಮಾಡಿದಾಗ ಬರೆದದ್ದು. ಅವಳ ಹೆಸರು ಓದುವ ತಿರುಮಲಮ್ಮ. ಎಂಥಾ ಚಂದದ ಹೆಸರು ನೋಡ್ರಿ! ಅವಳ ವಿದ್ಯೆಯೇ ಅವಳ ಮನೆಹೆಸರು.

'ವರದಾಂಬಿಕಾ ಪರಿಣಯ ಚಂಪೂ' ಬರೆದ ತಿರುಮಲಾಂಬೆ ಇವಳೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಗದ್ಯ, ಪದ್ಯ ಎರಡೂ ಬೆರೆತ ಸಂಸ್ಕೃತ ಕಾವ್ಯ ಅದು. ಅದರಲ್ಲಿ ಕಂಚಿಯ ಸೀಮೆಯನ್ನು ವರ್ಣಿಸುವ ಒಂದೇ ಒಂದು ಸಮಾಸಪದ 195 ಅಕ್ಷರಗಳಷ್ಟು ಉದ್ದವಿದೆ. ಜಗತ್ತಿನ ಅತಿ ಉದ್ದದ ಪದ ಅಂತ ಗಿನ್ನೆಸ್ ದಾಖಲೆಗೂ ಸೇರಿದೆ. ಕ್ವಿಜ್‌ನಲ್ಲಿ ಕೇಳಿದರೆ ಉತ್ತರ ಗೊತ್ತಿರಲಿ. ಆದರೆ ನನಗೆ ಈ ಕಾವ್ಯ ಮುಖ್ಯ ಅನ್ನಿಸೋದು ಬೇರೆ ಕಾರಣಕ್ಕೆ.

ನಾನು ವಡ್ಡುವಿನವನು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹೊಗೆ ನೋಡಿಕೊಂಡು ಬೆಳೆದವನು. ನಮ್ಮ ಕಡೆ ವಿಜಯನಗರ ಅಂದರೆ ಎರಡೇ ಸೀನು. ಒಂದು, ಮುತ್ತು-ರತ್ನವನ್ನು ಬೀದಿಯಲ್ಲಿ ಸೇರಿನಲ್ಲಿ ಅಳೆದು ಮಾರುತ್ತಿದ್ದ ಕೃಷ್ಣದೇವರಾಯನ ಕಾಲ. ಇನ್ನೊಂದು, 1565ರ ಯುದ್ಧ, ಆಮೇಲಿನ ಹಾಳುಹಂಪಿ. ಕೃಷ್ಣದೇವರಾಯ ತೀರಿಕೊಂಡದ್ದು 1529ರಲ್ಲಿ. ನಡುವಿನ 36 ವರ್ಷ ನಮ್ಮ ಕಥೆಗಳಲ್ಲಿ ಇಲ್ಲವೇ ಇಲ್ಲ. ತಿರುಮಲಾಂಬೆ ಬರೆದದ್ದು ಆ ನಡುವಿನಲ್ಲಿ.

ಅವಳ ಕಾವ್ಯದ ಕಥೆ ಸರಳ. ಮೊದಲು ಅಚ್ಯುತನ ತಂದೆ ನರಸನಾಯಕನ ದಿಗ್ವಿಜಯ. ಆಮೇಲೆ ಅಚ್ಯುತ ವರದಾಂಬಿಕೆಯನ್ನು ಮೆಚ್ಚುತ್ತಾನೆ, ವಿರಹ, ಮದುವೆ. ಚಿನ್ನವೆಂಕಟಾದ್ರಿ ಎಂಬ ಮಗ ಹುಟ್ಟುತ್ತಾನೆ. ಆ ಪುಟ್ಟ ಹುಡುಗನಿಗೆ ಯುವರಾಜ ಪಟ್ಟ. ಅಲ್ಲಿಗೆ ಶುಭಂ.

ಪ್ರೇಮಕಾವ್ಯ ಮದುವೆಗೇ ಮುಗಿಯಬಹುದಿತ್ತಲ್ಲ, ಯುವರಾಜ ಪಟ್ಟದವರೆಗೆ ಯಾಕೆ ಎಳೆದಳು? ಇಲ್ಲೇ ರಾಜಕೀಯ ಇದೆ. ಅಚ್ಯುತ ಸುಲಭವಾಗಿ ರಾಜನಾದವನಲ್ಲ. ಅಣ್ಣ ಕೃಷ್ಣದೇವರಾಯ ತೀರಿಕೊಂಡಾಗ ಅಳಿಯ ರಾಮರಾಯನ ಕಣ್ಣೂ ಅಧಿಕಾರದ ಮೇಲಿತ್ತು. ಅಚ್ಯುತನ ಬೆನ್ನಿಗೆ ನಿಂತವರು ರಾಣಿ ವರದಾಂಬಿಕೆಯ ತವರಿನವರು, ಸಲಕರಾಜು ಮನೆತನದ ತಿರುಮಲರು. ಅಂದರೆ ಮುಂದಿನ ಪಟ್ಟ ಯಾರಿಗೆ ಅನ್ನೋ ಪ್ರಶ್ನೆ ಅರಮನೆಯಲ್ಲಿ ಬೂದಿ ಮುಚ್ಚಿದ ಕೆಂಡ. ಹುಡುಗನ ಹಕ್ಕನ್ನು ಕಾವ್ಯದಲ್ಲಿ ಬರೆದಿಡುವುದು ಬರೀ ಶೃಂಗಾರ ಅಲ್ಲ, ಅದೊಂದು ಸಾಕ್ಷಿಪತ್ರ.

ಕೆಂಡ ಹೊತ್ತಿಕೊಂಡದ್ದು 1542ರಲ್ಲಿ, ಅಚ್ಯುತ ಸತ್ತಾಗ. ಹುಡುಗ ವೆಂಕಟ ರಾಜನಾದ. ಅಧಿಕಾರ ಸೋದರಮಾವ ಸಲಕರಾಜು ತಿರುಮಲನ ಕೈಗೆ ಹೋಯಿತು. ಒಡಹುಟ್ಟಿದವನ ಮೇಲೇ ನಂಬಿಕೆ ಕಳೆದುಕೊಂಡ ರಾಣಿ ಮಗನನ್ನು ಉಳಿಸಿಕೊಳ್ಳಲು ಬಿಜಾಪುರದ ಆದಿಲ್‌ಶಾಹನ ಸಹಾಯ ಕೇಳಿದಳು. ಆದಿಲ್‌ಶಾಹ ಹೊರಟು ಬಂದ, ತಿರುಮಲ ಹಣ ಸುರಿದು ವಾಪಸ್ ಕಳಿಸಿದ. ಇತ್ತ ರಾಮರಾಯ ಗುತ್ತಿ ಕೋಟೆಯಲ್ಲಿ ಸೆರೆಯಲ್ಲಿದ್ದ ಅಚ್ಯುತನ ಅಣ್ಣತಮ್ಮನ ಮಗ ಸದಾಶಿವನನ್ನು ಬಿಡಿಸಿ ಇವನೇ ರಾಜ ಎಂದ. ಕೊನೆಗೆ ಸೋದರಮಾವನೇ ಹುಡುಗನನ್ನು ಕೊಲ್ಲಿಸಿದ. ರಾಜಮನೆತನದ ಇನ್ನುಳಿದ ಹಕ್ಕುದಾರರನ್ನೂ ಬಿಡಲಿಲ್ಲ.

ತಿರುಮಲನ ಅಂತ್ಯದ ಬಗ್ಗೆ ದಶಕಗಳ ನಂತರ ಬಿಜಾಪುರದಲ್ಲಿ ಕೂತು ಬರೆದ ಫೆರಿಶ್ತಾ ಕೊಡುವ ಚಿತ್ರ ಭಯಂಕರ. ಶತ್ರುಗಳು ಒಳನುಗ್ಗುವ ಮೊದಲು ಅವನು ಅರಮನೆಯ ಕುದುರೆ, ಆನೆಗಳ ಕಣ್ಣು ಕೀಳಿಸಿ, ಬಾಲ ಕತ್ತರಿಸಿದನಂತೆ. ತಲೆಮಾರುಗಳಿಂದ ಕೂಡಿಟ್ಟ ರತ್ನಗಳನ್ನು ಬೀಸುವ ಕಲ್ಲಿಗೆ ಹಾಕಿ ಪುಡಿಮಾಡಿ ನೆಲಕ್ಕೆ ಚೆಲ್ಲಿದನಂತೆ. ಆಮೇಲೆ ಕಂಬಕ್ಕೆ ಕತ್ತಿ ಸಿಕ್ಕಿಸಿ ಅದಕ್ಕೆ ಎದೆಕೊಟ್ಟನಂತೆ. ಅತಿಶಯೋಕ್ತಿ ಇದ್ದೀತು. ಆದರೆ 1543ರಲ್ಲಿ ಸದಾಶಿವನಿಗೆ ಪಟ್ಟ ಕಟ್ಟಿ ರಾಮರಾಯ ಆಳತೊಡಗಿದ್ದು, ಸಲಕರಾಜು ಮನೆತನದ ಆಟ ಮುಗಿದದ್ದು ನಿಜ.

ಪ್ರೇಮಕವಿ, ಅಂತರ್ಯುದ್ಧ ಅಂದರೆ ನಮಗೆ 1936ರಲ್ಲಿ ಸ್ಪೇನಿನಲ್ಲಿ ಗುಂಡೇಟಿಗೆ ಬಲಿಯಾದ ಲೋರ್ಕಾ ನೆನಪಾಗುತ್ತಾನೆ. ಅವನನ್ನು ನೆನೆಯಬೇಕು, ಸರಿ. ಆದರೆ ನಮ್ಮ ಪಕ್ಕದೂರಿನವಳನ್ನು 'ಆಸ್ಥಾನ ಕವಯಿತ್ರಿ, ರಾಜನನ್ನು ಹೊಗಳಿದಳು' ಅಂತ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಕಾವ್ಯದ ಕೊನೆಗೆ ಅವಳು ತನ್ನ ವಿದ್ಯೆಯನ್ನೂ ಸಂಕೋಚವಿಲ್ಲದೆ ದಾಖಲಿಸಿದ್ದಾಳೆ: ಹಲವು ಲಿಪಿ ಬಲ್ಲವಳು, ಒಮ್ಮೆ ಕೇಳಿದ್ದನ್ನು ನೆನಪಿಟ್ಟುಕೊಳ್ಳಬಲ್ಲವಳು. ಅಷ್ಟು ಓದಿಕೊಂಡವಳಿಗೆ ಅರಮನೆಯ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನೋದು ಗೊತ್ತಿರಲಿಲ್ಲ ಅಂದರೆ ನಾನಂತೂ ಒಪ್ಪೋದಿಲ್ಲ.

1565ರಲ್ಲಿ ಹೊರಗಿನವರು ಬಂದು ಹಾಳುಮಾಡಿದರು ಅಂತ ನಾವು ಸುಲಭವಾಗಿ ಹೇಳುತ್ತೇವೆ. ಅದಕ್ಕೆ 22 ವರ್ಷ ಮೊದಲೇ ಈ ಊರು ತನ್ನ ಮಕ್ಕಳನ್ನು ತಾನೇ ತಿಂದಿತ್ತು. ನೆರೆಯ ಸುಲ್ತಾನನನ್ನು ಮನೆಜಗಳಕ್ಕೆ ಕರೆಯುವ ಚಾಳಿಯೂ ಆಗಲೇ ಇತ್ತು.

ಮುಂದಿನ ವೀಕೆಂಡ್ ಹಂಪಿಗೆ ಬಂದರೆ ಮಾತಂಗ ಬೆಟ್ಟ ಹತ್ತಿ. ಕೆಳಗೆ ಕಾಣುವ ಅಚ್ಯುತರಾಯ ದೇವಸ್ಥಾನವನ್ನು 1534ರಲ್ಲಿ ಕಟ್ಟಿಸಿದವನು ರಾಜನ ಭಾವಮೈದುನ ಹಿರಿಯ ತಿರುಮಲರಾಜು, ಅದೇ ಸಲಕರಾಜು ಮನೆಯವನು. ಆ ಕುಟುಂಬ ಕಲ್ಲಿನಲ್ಲಿ ಅಷ್ಟು ದೊಡ್ಡದು ಬಿಟ್ಟುಹೋಗಿದೆ. ಆ ಹುಡುಗನ ಪಾಲಿಗೆ ಉಳಿದದ್ದು ತಂಜಾವೂರಿನ ಹಸ್ತಪ್ರತಿಯೊಂದರಲ್ಲಿ ಸಿಕ್ಕ ಕಾವ್ಯ. ಅದರಲ್ಲಿ ಅವನಿಗೆ ಇನ್ನೂ ಪಟ್ಟ ಕಟ್ಟುತ್ತಿದ್ದಾರೆ, ಅಮ್ಮ ಪಕ್ಕದಲ್ಲೇ ಇದ್ದಾಳೆ.