ಗಾಳದ ತುದಿಯ ಚರಿತ್ರೆ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಚರಿತ್ರೆಯನ್ನು ಬರೆಯಹೊರಟವರು ಕಲ್ಲಿನಿಂದ ಪ್ರಾರಂಭಿಸುವುದು ವಾಡಿಕೆ. ಅದು ಸಹಜವೇ. ೧೧೧೭ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. ೧೧೨೧ರ ಸುಮಾರಿಗೆ ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗುಡಿಯ ಕೆಲಸ ಮೊದಲಾಯಿತು. ೧೨೨೦ರಲ್ಲಿ ಅರಸೀಕೆರೆಯ ಸಹಸ್ರಕೂಟ ಜಿನಾಲಯ ಎದ್ದು ನಿಂತಿತು. ಆದರೆ ಈ ಮೂರು ಊರುಗಳೂ ಶಿಲ್ಪಕ್ಕೆ ಎಷ್ಟು ಋಣಿಗಳೋ ನೀರಿಗೂ ಅಷ್ಟೇ ಋಣಿಗಳು. ಅರಸೀಕೆರೆಯ ಹೆಸರಿನಲ್ಲಿಯೇ ಅರಸಿಯೊಬ್ಬಳ ಕೆರೆ ಇದೆ. ಹಳೇಬೀಡು ರಾಜಧಾನಿಯಾಗಿದ್ದಾಗ ಅದಕ್ಕೆ ದೋರಸಮುದ್ರವೆಂದು ಹೆಸರು. ಬೇಲೂರಿನ ಕೆರೆ ವಿಷ್ಣುಸಮುದ್ರ. ಕಡಲಿಗೆ ದೂರವಾದ ನಾಡಿನ ಜನ ತಮ್ಮ ಕೆರೆಗಳನ್ನೇ ಸಮುದ್ರವೆಂದು ಕರೆದು ಸಂತೋಷಪಟ್ಟರು. ಕೆರೆ ಇದ್ದ ಮೇಲೆ ಮೀನು ಉಂಟು, ಮೀನು ಇದ್ದ ಮೇಲೆ ಗಾಳ ಉಂಟು, ಗಾಳ ಇದ್ದ ಮೇಲೆ ಅದರ ತುದಿಗೆ ಒಂದು ಎರೆಹುಳುವೂ ಉಂಟು. ಈ ಕೊನೆಯ ಪ್ರಾಣಿಗೆ ಶಾಸನವಿಲ್ಲ, ವೀರಗಲ್ಲಿಲ್ಲ. ಹಾಗೆಂದು ಅದಕ್ಕೆ ಚರಿತ್ರೆಯೇ ಇಲ್ಲವೆನ್ನಲಾದೀತೆ?

ಮೊದಲು ಹೆಸರಿನ ಮಾತು. ಕನ್ನಡ ಹೇಳಿಕೊಡುವವನಿಗೆ ಕೈಗೆಟುಕುವ ಆಧಾರ ಅದೇ. ‘ಎರೆಹುಳು ಎಂಬಲ್ಲಿ ಎರೆ ಎಂದರೇನು?’ ಎಂದು ತರಗತಿಯಲ್ಲಿ ನಾನು ಕೇಳಿದಾಗಲೆಲ್ಲ ಬರುವ ಉತ್ತರ ಒಂದೇ: ‘ಎರೆಮಣ್ಣು, ಸಾರ್.’ ಉತ್ತರವೇನೋ ಜಾಣತನದ್ದು. ಆದರೆ ಎರೆಭೂಮಿಯನ್ನೇ ಕಾಣದ ಕೆಂಪುನೆಲದ ಹೊಲದಲ್ಲಿಯೂ ಎರೆಹುಳು ಎರೆಹುಳುವೇ. ಕಿಟ್ಟೆಲರು ೧೮೯೪ರಲ್ಲಿ ಪ್ರಕಟಿಸಿದ ನಿಘಂಟನ್ನು ತೆರೆದು ನೋಡಿದರೆ ‘ಎರೆ’ ಎಂಬುದಕ್ಕೆ ಹಕ್ಕಿ ಹಾವು ಮೊದಲಾದವುಗಳ ತಿನಿಸು, ಮೀನನ್ನು ಹಿಡಿಯಲು ಒಡ್ಡುವ ತಿನಿಸು ಎಂಬ ಅರ್ಥಗಳು ಸಿಕ್ಕುತ್ತವೆ. ತಮಿಳಿನ ‘ಇರೈ’, ಮಲೆಯಾಳದ ‘ಇರ’ ಇವು ಅದರ ಒಡಹುಟ್ಟುಗಳು. ಎರೆಹುಳು ಎಂದರೆ ಎರೆಯಾಗಿ ಒಡ್ಡುವ ಹುಳು.

ನೆರೆಯ ಭಾಷೆಗಳು ಇದೇ ಪ್ರಾಣಿಯನ್ನು ಹೇಗೆ ಕರೆದಿವೆಯೆಂಬುದನ್ನು ನೋಡಿದರೆ ವಿಷಯ ಇನ್ನೂ ಸ್ವಾರಸ್ಯವಾಗುತ್ತದೆ. ತಮಿಳರಿಗೆ ಅದು ‘ಮಣ್‌ಪುಳು’, ಮಣ್ಣಿನ ಹುಳು. ತೆಲುಗರಿಗೆ ‘ವಾನಪಾಮು’, ಮಳೆಯ ಹಾವು. ಸಂಸ್ಕೃತದಲ್ಲಿ ಅದಕ್ಕೆ ‘ಭೂಲತಾ’ ಎಂಬ ಚೆಲುವಾದ ಹೆಸರಿದೆ, ನೆಲದ ಬಳ್ಳಿ. ತಮಿಳರು ಅದು ಇರುವ ತಾಣವನ್ನು ಕಂಡರು, ತೆಲುಗರು ಅದು ಹೊರಗೆ ಬರುವ ಕಾಲವನ್ನು ಕಂಡರು, ಸಂಸ್ಕೃತದ ಕವಿಮನಸ್ಸು ಅದರ ಆಕಾರವನ್ನು ಕಂಡಿತು. ಕನ್ನಡಿಗರೂ, ಅದನ್ನು ‘ಮಣ್ಣಿರ’ ಎನ್ನುವ ಮಲೆಯಾಳಿಗಳೂ ಅದರ ಉಪಯೋಗವನ್ನು ಕಂಡರು. ನಮ್ಮಲ್ಲಿ ಈ ಹುಳುವಿಗೆ ಹೆಸರಿಟ್ಟವನು ನೇಗಿಲು ಹಿಡಿದವನಲ್ಲ, ಗಾಳ ಹಿಡಿದವನು. ಕೆರೆಯ ಏರಿಯ ಮೇಲೆ ಕುಳಿತು ಕಾಯುತ್ತಿದ್ದ ಯಾವನೋ ಒಬ್ಬ ಅನಾಮಧೇಯನ ಮಾತು ನಮ್ಮ ನಿಘಂಟಿನಲ್ಲಿ ಇಂದಿಗೂ ಉಳಿದಿದೆ.

ಇಲ್ಲಿ ಒಂದು ಅಡ್ಡಮಾತು. ಬೇಲೂರಿನ ಗುಡಿಯನ್ನು ಕಟ್ಟಿಸಿದ ವಿಷ್ಣುವರ್ಧನನ ತಂದೆಯ ಹೆಸರು ಎರೆಯಂಗ. ಹಾಗಾದರೆ ಅರಸನಿಗೂ ಹುಳುವಿಗೂ ನಂಟೇ ಎಂದು ಯಾರಾದರೂ ತಮಾಷೆ ಮಾಡಬಹುದು. ನಂಟಿಲ್ಲ. ಅರಸನ ಹೆಸರಿನಲ್ಲಿರುವುದು ಒಡೆಯ ಎಂಬರ್ಥದ ‘ಎಱೆ’. ಅದರಲ್ಲಿ ಹಳಗನ್ನಡದ ಶಕಟರೇಫ ಇತ್ತು. ತಮಿಳಿನಲ್ಲಿ ಒಡೆಯನಾದ ‘ಇಱೈ’ ಬೇರೆ, ತಿನಿಸಾದ ‘ಇರೈ’ ಬೇರೆ, ಎಂದು ಈಗಲೂ ಬರಹದಲ್ಲಿ ಭೇದ ಉಳಿದಿದೆ. ನಾವು ಶಕಟರೇಫವನ್ನು ಬಿಟ್ಟುಕೊಟ್ಟೆವು. ಒಡೆಯನೂ ಮೀನಿನ ತಿನಿಸೂ ಒಂದೇ ಸಾಲಿನಲ್ಲಿ ಬಂದು ನಿಂತರು. ಕಾಲವು ಅರಸರಿಗೆ ಮಾಡುವ ಅಪಚಾರಗಳಲ್ಲಿ ಇದು ಸಣ್ಣದು.

ಆದರೆ ಗಾಳಕ್ಕೂ ಅರಸರಿಗೂ ನಿಜವಾದ ನಂಟು ಇನ್ನೊಂದು ಕಡೆ ಇದೆ. ವಿಷ್ಣುವರ್ಧನನು ಹೆಸರಿಗಾದರೂ ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರ. ೧೧೨೬ರಿಂದ ೧೧೩೮ರವರೆಗೆ ಕಲ್ಯಾಣದಲ್ಲಿ ಆಳಿದವನು ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. ಭೂಲೋಕಮಲ್ಲನೆಂದೂ ಸರ್ವಜ್ಞನೆಂದೂ ಬಿರುದು ಪಡೆದ ಈತ ೧೧೨೯ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಐದು ವಿಂಶತಿಗಳು, ನೂರು ಅಧ್ಯಾಯಗಳು. ರಾಜ್ಯಭಾರದಿಂದ ಹಿಡಿದು ಅಡುಗೆಯವರೆಗೆ ಅದರಲ್ಲಿ ಇಲ್ಲದ ವಿಷಯವೇ ವಿರಳ. ನಾಲ್ಕನೆಯದಾದ ವಿನೋದಗಳ ವಿಂಶತಿಯಲ್ಲಿ ಆನೆ ಕುದುರೆ ಮಲ್ಲಯುದ್ಧಗಳ ಜೊತೆಗೆ ‘ಮತ್ಸ್ಯವಿನೋದ’ ಎಂಬ ಒಂದು ಅಧ್ಯಾಯವಿದೆ. ಗಾಳ ಹಾಕಿ ಮೀನು ಹಿಡಿಯುವ ಆಟವೇ ಅದರ ವಸ್ತು.

ಆ ಅಧ್ಯಾಯದಲ್ಲಿ ಸುಮಾರು ಮೂವತ್ತೈದು ಬಗೆಯ ಮೀನುಗಳ ವಿಚಾರ ಬರುತ್ತದೆ. ಕಡಲಿನವು ಯಾವುವು, ಸಿಹಿನೀರಿನವು ಯಾವುವು. ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು. ದೊಡ್ಡವು, ನಡುತರದವು, ಸಣ್ಣವು ಯಾವುವು ಎಂದು ವಿಂಗಡಣೆ ಮಾಡಿದೆ. ಯಾವ ಮೀನಿಗೆ ಯಾವ ತಿನಿಸು ಎಂಬುದನ್ನು ಬೇರೆ ಬೇರೆಯಾಗಿ ಹೇಳಿದೆ. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಾಯವನ್ನು ಕುರಿತು ಬರೆದರು. ಮೀನಿನ ಶಾಸ್ತ್ರವನ್ನು ಬಲ್ಲವರ ಗಮನ ಕನ್ನಡನಾಡಿನ ಅರಸನ ಕಡೆಗೆ ತಿರುಗಿತು. ಇಂಗ್ಲೆಂಡಿನಲ್ಲಿ ಗಾಳದ ವಿಷಯವಾಗಿ ಮೊದಲು ಅಚ್ಚಾದ ಪ್ರಬಂಧ ೧೪೯೬ರದು. ಅಲ್ಲಿಯವರು ಇಂದಿಗೂ ಆದರದಿಂದ ಓದುವ ಐಸಾಕ್ ವಾಲ್ಟನ್ನನ ಪುಸ್ತಕ ೧೬೫೩ರದು. ಸೋಮೇಶ್ವರನು ವಾಲ್ಟನ್ನನಿಗಿಂತ ಐದುನೂರು ವರ್ಷಗಳಿಗೂ ಹಿಂದಿನವನು.

ಇಷ್ಟಕ್ಕೆ ಹೆಮ್ಮೆಪಟ್ಟು ಸುಮ್ಮನಾಗಬಹುದು. ಆದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಯಾವ ಮೀನು ಏನನ್ನು ತಿನ್ನುತ್ತದೆ ಎಂಬುದನ್ನು ಅರಮನೆಯಲ್ಲಿ ಕುಳಿತು ಕಲಿಯಲಾಗುವುದಿಲ್ಲ. ನೀರಿನ ಬದಿಯಲ್ಲಿ ತಲೆಮಾರುಗಳ ಕಾಲ ಕಳೆದವರಿಗೆ ಮಾತ್ರ ತಿಳಿಯುವ ಸಂಗತಿ ಅದು. ಅರಸನ ಶ್ಲೋಕಗಳ ಹಿಂದೆ ಬೆಸ್ತರೂ ಅಂಬಿಗರೂ ನಿಂತಿದ್ದಾರೆಂದು ನಾನು ನಂಬುತ್ತೇನೆ. ಅವರಿಂದ ಕೇಳದೆ ಆ ಪಟ್ಟಿ ಹುಟ್ಟುವಂತಿರಲಿಲ್ಲ. ಅದೇ ಶತಮಾನದಲ್ಲಿ ಅಂಬಿಗರ ಚೌಡಯ್ಯನೆಂಬ ವಚನಕಾರ ತನ್ನ ಕಸುಬನ್ನೇ ಹೆಸರಿನ ಮುಂದಿಟ್ಟುಕೊಂಡು ಮಾತನಾಡಿದ. ನೀರಿನ ಜನಕ್ಕೆ ಮಾತಿರಲಿಲ್ಲವೆಂದಲ್ಲ. ಅರಸನಿಗೆ ಅವರು ಕಲಿಸಿದ್ದು ಅರಸನ ಹೆಸರಿನಲ್ಲಿ ಉಳಿಯಿತು, ಅಷ್ಟೆ.

ಇದೇ ಹೊತ್ತಿಗೆ ಹಳೇಬೀಡಿನಲ್ಲಿ ಏನು ನಡೆಯುತ್ತಿತ್ತು? ಮಾನಸೋಲ್ಲಾಸ ಹುಟ್ಟಿದ ನಾಲ್ಕು ವರ್ಷಗಳ ಮೇಲೆ, ೧೧೩೩ರಲ್ಲಿ, ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ಅಲ್ಲಿಯ ಕನ್ನಡಿಯಂಥ ಕಂಬಗಳನ್ನು ನೋಡದೆ ಬರುವ ಪ್ರವಾಸಿಗಳು ದುರ್ದೈವಿಗಳು. ಆ ಬಸದಿಯಲ್ಲಿ ಕುಳಿತು ಶಾಸ್ತ್ರ ಓದುತ್ತಿದ್ದವರಿಗೆ ಹುಳು ಎಂದರೆ ಮೀನಿನ ತಿನಿಸಲ್ಲ, ಒಂದು ಜೀವ. ‘ತತ್ತ್ವಾರ್ಥಸೂತ್ರ’ದ ಲೆಕ್ಕದಲ್ಲಿ ಹುಳು, ಇರುವೆ, ದುಂಬಿ, ಮನುಷ್ಯ ಇವರಿಗೆ ಒಂದೊಂದೇ ಇಂದ್ರಿಯ ಹೆಚ್ಚುತ್ತ ಹೋಗುತ್ತದೆ. ಹುಳುವಿಗೆ ಎರಡು: ಸ್ಪರ್ಶ ಮತ್ತು ರುಚಿ. ಕಣ್ಣಿಲ್ಲ, ಕಿವಿಯಿಲ್ಲ.

ಸುಮಾರು ಒಂದೂವರೆ ಸಾವಿರ ವರ್ಷಗಳ ತರುವಾಯ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಓದುವ ಕೋಣೆಯಲ್ಲಿ ಮಣ್ಣಿನ ಕುಂಡಗಳಲ್ಲಿ ಎರೆಹುಳುಗಳನ್ನು ಸಾಕಿದ. ಅವುಗಳ ಹತ್ತಿರ ಪಿಯಾನೋ ನುಡಿಸಿದರು, ಬಸೂನ್ ಎಂಬ ದಪ್ಪ ದನಿಯ ವಾದ್ಯವನ್ನು ಊದಿದರು. ಹುಳುಗಳು ಕಿವಿಗೊಡಲಿಲ್ಲ, ಕುಂಡವನ್ನೇ ಪಿಯಾನೋ ಮೇಲಿಟ್ಟು ನುಡಿಸಿದಾಗ ಮಾತ್ರ ಕಂಪನಕ್ಕೆ ಬೆದರಿ ಬಿಲಕ್ಕೆ ಸರಿದವು. ಸ್ಪರ್ಶ ಬಹಳ ಚುರುಕು, ಎಲೆಗಳ ರುಚಿಯಲ್ಲಿ ಆಯ್ಕೆ ಉಂಟು, ಕಿವಿ ಇಲ್ಲವೇ ಇಲ್ಲ ಎಂದು ೧೮೮೧ರ ತನ್ನ ಪುಸ್ತಕದಲ್ಲಿ ಬರೆದ. ಮಂದವಾದ ವಾಸನೆಯನ್ನೂ ಬೆಳಕಿನ ಅರಿವನ್ನೂ ಅವನು ಸೇರಿಸಿದನೆಂಬುದು ನಿಜ. ಆದರೂ ಹುಳುವನ್ನು ಕೊಲ್ಲಬಾರದೆಂದು ನೋಡಿದವರೂ ಹುಳುವನ್ನು ತಿಳಿಯಬೇಕೆಂದು ನೋಡಿದವನೂ ಇಷ್ಟು ಹತ್ತಿರಕ್ಕೆ ಬಂದದ್ದು ಆಶ್ಚರ್ಯವಲ್ಲವೆ?

ಡಾರ್ವಿನ್ನನ ಕುಂಡಕ್ಕೂ ನಮ್ಮ ಹಿತ್ತಿಲಿಗೂ ಬಹಳ ದೂರವಿಲ್ಲ. ಹಳೆಯ ಮನೆಗಳಲ್ಲಿ ಬಚ್ಚಲ ನೀರು ಹರಿದುಹೋಗುವ ಕಡೆ ಬಾಳೆಯ ಬುಡವೊಂದು ಇರುತ್ತಿತ್ತು. ಹುಳು ಬೇಕಾದ ಹುಡುಗರು ಮೊದಲು ಅಗೆಯುತ್ತಿದ್ದುದೇ ಅಲ್ಲಿ. ಬೇಸಗೆಯಲ್ಲಿ ನೆಲ ಒಣಗಿ ಹುಳು ಆಳಕ್ಕೆ ಇಳಿದಾಗ ಮನೆಯಲ್ಲಿಯೇ ಸಾಕಬೇಕಾಗುತ್ತದೆ. ಅದಕ್ಕೆ ಬೇಕಾದದ್ದು ಅಗಲ ಬಾಯಿಯ ಹಳೆಯ ಮಡಕೆ, ತಳದಲ್ಲಿ ನೀರು ಇಳಿಯಲು ಒಂದು ತೂತು. ಅರಸೀಕೆರೆ ತೆಂಗಿನ ಸೀಮೆಯಾದ್ದರಿಂದ ತಳಕ್ಕೆ ಹಾಸಲು ನಾರಿಗೆ ಬರವಿಲ್ಲ. ಮೇಲೆ ಹಳೆಯ ಸಗಣಿ, ತರಗೆಲೆ, ಸ್ವಲ್ಪ ಮಣ್ಣು. ಹಸಿಸಗಣಿ ಹಾಕಿದರೆ ಅದರ ಬಿಸಿಗೇ ಹುಳು ಸಾಯುತ್ತದೆ. ಹುಳು ಉಸಿರಾಡುವುದು ಚರ್ಮದಿಂದ. ಆದ್ದರಿಂದ ಒಣಗಲೂ ಬಾರದು, ನೀರು ನಿಲ್ಲಲೂ ಬಾರದು, ಹಿಂಡಿದ ಬಟ್ಟೆಯಷ್ಟು ತೇವ ಸಾಕು. ಮೇಲೊಂದು ಒದ್ದೆ ಗೋಣಿ, ಜಾಗ ನೆರಳಿನದು. ಉಪ್ಪು, ಸೋಪಿನ ನೀರು, ನಿಂಬೆಯ ಸಿಪ್ಪೆ ದೂರವಿರಲಿ. ಇರುವೆ ಹತ್ತದಂತೆ ನೀರಿನ ತಟ್ಟೆಯಲ್ಲಿ ಕಲ್ಲಿಟ್ಟು ಅದರ ಮೇಲೆ ಮಡಕೆಯನ್ನು ಕೂರಿಸಬೇಕು. ಪ್ರತಿಯೊಂದು ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಆದರೂ ಜೋಡಿಯಿಲ್ಲದೆ ಸಂತತಿಯಿಲ್ಲ. ಕೆಲವು ವಾರಗಳಲ್ಲಿ ಕಾಳಿನಂಥ ಸಣ್ಣ ಕೋಶಗಳು ಕಂಡರೆ ಸಂಸಾರ ನಡೆಯುತ್ತಿದೆಯೆಂದು ತಿಳಿಯಬಹುದು.

ಗಾಳಕ್ಕೆ ಒಯ್ಯುವ ಹುಳುವನ್ನು ಒಂದೆರಡು ದಿನ ಮೊದಲೇ ತೇವದ ನಾರಿನಲ್ಲಿಟ್ಟರೆ ಹೊಟ್ಟೆಯ ಮಣ್ಣು ಕಳೆದು ಗಟ್ಟಿಯಾಗುತ್ತದೆ. ವಾಲ್ಟನ್ನನೂ ಇದನ್ನೇ ಹೇಳುತ್ತಾನೆ; ನಾರಿನ ಬದಲು ಅವನದು ಪಾಚಿ. ಬೇಸಗೆಯಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಪಾಚಿಯನ್ನು ಬದಲಾಯಿಸಬೇಕಂತೆ, ಹುಳು ಬಡವಾದರೆ ಹಾಲಿನ ಕೆನೆಯನ್ನು ತೊಟ್ಟಿಕ್ಕಬೇಕಂತೆ. ಕೊಲ್ಲಲಿರುವ ಪ್ರಾಣಿಗೆ ಕೆನೆ! ಓದಿದಾಗ ನಗು ಬರುತ್ತದೆ, ಒಂದು ಗಳಿಗೆ ಕಳೆದ ಮೇಲೆ ನಗು ನಿಲ್ಲುತ್ತದೆ. ಕುರಿ ಕೋಳಿ ಸಾಕುವ ಮನುಷ್ಯನ ಕಥೆಯೂ ಇದೇ ತಾನೆ?

ನಮ್ಮ ಕಾಲದಲ್ಲಿ ಈ ಹುಳುವಿನ ಅದೃಷ್ಟ ತಿರುಗಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ರಾಧಾ ಕಾಳೆಯವರೂ ಸಂಗಡಿಗರೂ ‘ಪೆರಿಯೋನಿಕ್ಸ್’ ಎಂಬ ದೇಶೀಯ ಹುಳು ಕಸವನ್ನು ಗೊಬ್ಬರ ಮಾಡುವ ಬಗೆಯನ್ನು ಪರೀಕ್ಷಿಸಿ ೧೯೮೨ರಲ್ಲಿ ಪ್ರಕಟಿಸಿದರು. ಆಮೇಲೆ ಎರೆಗೊಬ್ಬರದ ತೊಟ್ಟಿಗಳು ಹಳ್ಳಿಹಳ್ಳಿಗೂ ಬಂದವು. ಹುಳುವಿಗೆ ‘ರೈತನ ಮಿತ್ರ’ ಎಂಬ ಬಿರುದು ದೊರೆಯಿತು. ತೊಟ್ಟಿಗಳಲ್ಲಿ ಹೆಚ್ಚಾಗಿ ಸಾಕುವುದು ‘ಯೂಡ್ರಿಲಸ್’ ಎಂಬ ಆಫ್ರಿಕದ ಹುಳು. ಕೆರೆಯಲ್ಲಿ ಇಂದು ಹುಡುಗರ ಗಾಳಕ್ಕೆ ಸಿಕ್ಕುವ ಜಿಲೇಬಿ ಮೀನೂ ಆಫ್ರಿಕದ್ದೇ. ತಿಲಾಪಿಯ ಎಂಬ ಹೆಸರಿನ ಅದು ೧೯೫೨ರಲ್ಲಿ ಭಾರತಕ್ಕೆ ಬಂದಿತು. ಹುಳು ಹೊರಗಿನದು, ಮೀನು ಹೊರಗಿನದು. ‘ಎರೆ’ ಎಂಬ ಮಾತೊಂದು ಮಾತ್ರ ಇಲ್ಲಿಯದು.

ಮನೆಯಲ್ಲಿ ಹುಳು ಸಾಕುವವರಿಗೆ ಇಲ್ಲಿ ಒಂದು ಕಿವಿಮಾತು. ಉತ್ತರ ಅಮೆರಿಕದ ಉತ್ತರಭಾಗದ ಕಾಡುಗಳಲ್ಲಿ ಹಿಮಯುಗ ಕಳೆದ ಮೇಲೆ ಎರೆಹುಳುಗಳೇ ಇರಲಿಲ್ಲ. ವಲಸೆ ಹೋದವರ ಜೊತೆಗೆ ಯೂರೋಪಿನ ಹುಳು ಬಂತು. ಗಾಳದವರು ಉಳಿದ ಹುಳುವನ್ನು ಸರೋವರದ ದಡದಲ್ಲಿ ಚೆಲ್ಲಿಹೋದರು. ಅವು ಕಾಡಿನ ತರಗೆಲೆಯ ಹಾಸನ್ನೇ ತಿಂದು, ಅದನ್ನು ನೆಚ್ಚಿ ಬೆಳೆಯುವ ಗಿಡಗಳಿಗೆ ನೆಲೆಯಿಲ್ಲದಂತೆ ಮಾಡಿದವು. ಬೇಲೂರಿನಾಚೆಗೆ ಮಲೆನಾಡು ಪ್ರಾರಂಭವಾಗುತ್ತದೆ. ಉಳಿದ ಹುಳುವನ್ನು ಹೊಳೆಯ ದಂಡೆಯಲ್ಲಿ ಚೆಲ್ಲದೆ ಮನೆಯ ಮಡಕೆಗೆ ಮರಳಿಸುವುದು ಮೇಲು.

ಬೇಲೂರಿನ ಗುಡಿಯ ಗೋಡೆಯ ಮೇಲೆ ಅರ್ಜುನನು ಮತ್ಸ್ಯಯಂತ್ರವನ್ನು ಭೇದಿಸುವ ಶಿಲ್ಪವಿದೆ. ಮೀನಿನ ಕಣ್ಣು, ವೀರನ ಬಿಲ್ಲು, ಗೆದ್ದ ದ್ರೌಪದಿ: ಕಲ್ಲು ನೆನಪಿಡುವುದು ಇಂಥವನ್ನು. ಬಡವರ ಮೀನು ಹಿಡಿಯುವಿಕೆಗೆ ಬಿಲ್ಲೂ ಇಲ್ಲ, ಸ್ವಯಂವರವೂ ಇಲ್ಲ. ಬಿದಿರುಕೋಲು, ದಾರ, ಬೆಂಡಿನ ತುಂಡು, ಒಂದು ಹುಳು. ಅದನ್ನು ಕಲ್ಲು ನೆನಪಿಡಲಿಲ್ಲ, ಭಾಷೆ ನೆನಪಿಟ್ಟಿತು. ಆದರೆ ಮಾತಿಗೂ ಕೆರೆಯಂತೆ ಹೂಳು ತುಂಬುತ್ತದೆ. ಏರಿಯ ಮೇಲೆ ಕೂರುವ ಹುಡುಗರು ಕಡಮೆಯಾದಷ್ಟೂ ಎರೆಹುಳುವು ಎರೆಮಣ್ಣಿನ ಹುಳುವಾಗುತ್ತ ಹೋಗುತ್ತದೆ. ಕೆರೆಯ ಹೂಳೆತ್ತುವ ಕೆಲಸ ಸರಕಾರದ್ದಾಗಲಿ, ಊರಿನದಾಗಲಿ. ಮಾತಿನ ಹೂಳೆತ್ತುವುದು ನನ್ನಂಥ ಮೇಷ್ಟರ ಪಾಲಿಗೆ ಬಂದ ಕೆಲಸ. ಈ ವರ್ಷವೂ ತರಗತಿಯಲ್ಲಿ ಆ ಪ್ರಶ್ನೆಯನ್ನು ಕೇಳುವವನಿದ್ದೇನೆ.