ಹತ್ತು ಮಂದಿಯೋ, ನೂರೈವತ್ತು ಮಂದಿಯೋ?

ಹಿಡಿದ ಕೆಲಸ ಹೇಳಿದ ದಿನಕ್ಕೆ ಮುಗಿಯುವಂತೆ ಕಾಣದಿದ್ದರೆ ಏನು ಮಾಡಬೇಕು? ನಮ್ಮಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ: ಇನ್ನು ನಾಲ್ಕು ಆಳು ಹಾಕಿ. ಕೊಯ್ಲು ತಡವಾದರೆ ಪಕ್ಕದೂರಿನಿಂದ ಆಳು ಕರೆಸುತ್ತೇವೆ. ಮದುವೆಯ ಮನೆಯಲ್ಲಿ ತರಕಾರಿ ಹೆಚ್ಚುವುದು ಹಿಂದೆ ಬಿದ್ದರೆ ಬಂದ ನೆಂಟರ ಮುಂದೆಲ್ಲ ಈಳಿಗೆಮಣೆ ಇಡುತ್ತೇವೆ. ಕೊಯ್ಲಿಗೂ ತರಕಾರಿಗೂ ಇದು ಸರಿಯಾದ ಉಪಾಯವೇ. ಆದರೆ ಒಲೆಯ ಮೇಲಿನ ಅನ್ನ ಬೇಯುವುದು ತಡವಾದಾಗ ಹತ್ತು ಮಂದಿ ಅಡಿಗೆಯವರು ಬಂದು ಸುತ್ತ ನಿಂತರೂ ಅದು ಬೇಗ ಬೇಯುವುದಿಲ್ಲ. ಜನ ಹೆಚ್ಚಿದರೆ ಬೇಗ ಆಗುವ ಕೆಲಸ ಯಾವುದು, ಆಗದ ಕೆಲಸ ಯಾವುದು ಎಂಬ ಈ ಭೇದವನ್ನು ವ್ಯಾಪಾರ ಪ್ರಪಂಚ ಬಹಳ ಬೆಲೆ ತೆತ್ತು ಕಲಿತ ಕಥೆಯೊಂದಿದೆ. ನಡೆದದ್ದು ಅಮೆರಿಕದಲ್ಲಿ, ೧೯೬೦ರ ದಶಕದಲ್ಲಿ. ಸಾಫ್ಟ್‌ವೇರ್ ಕೆಲಸವನ್ನೇ ನಂಬಿ ನಡೆಯುವ ಸಂಸಾರಗಳು ಬೀದಿಬೀದಿಯಲ್ಲಿರುವ ಇಂದಿನ ಬೆಂಗಳೂರಿನಲ್ಲಿ ಅದನ್ನು ಮತ್ತೆ ಹೇಳುವುದು ಅಪ್ರಸ್ತುತವಾಗಲಾರದೆಂದು ನನ್ನ ಭಾವನೆ.

ಆ ಕಾಲಕ್ಕೆ ಐಬಿಎಂ ಕಂಪನಿ ಕಂಪ್ಯೂಟರ್ ತಯಾರಿಕೆಯಲ್ಲಿ ಎಲ್ಲರಿಗಿಂತ ಮುಂದಿತ್ತು. ಆದರೆ ಅದರ ಯಂತ್ರಗಳೊಳಗೇ ಹೊಂದಾಣಿಕೆ ಇರಲಿಲ್ಲ. ಒಂದು ಬಗೆಯ ಯಂತ್ರಕ್ಕೆ ಬರೆದ ಪ್ರೋಗ್ರಾಂ ಇನ್ನೊಂದು ಬಗೆಯದರಲ್ಲಿ ನಡೆಯುತ್ತಿರಲಿಲ್ಲ. ವ್ಯವಹಾರ ಬೆಳೆದು ದೊಡ್ಡ ಯಂತ್ರ ಕೊಂಡ ಗಿರಾಕಿ ತನ್ನ ಪ್ರೋಗ್ರಾಂಗಳನ್ನೆಲ್ಲ ಮೊದಲಿನಿಂದ ಬರೆಸಬೇಕಾಗುತ್ತಿತ್ತು. ಚಿಕ್ಕದರಿಂದ ದೊಡ್ಡದರವರೆಗೆ ಎಲ್ಲ ಯಂತ್ರಗಳೂ ಒಂದೇ ಭಾಷೆ ಬಲ್ಲ ಒಂದು ಕುಟುಂಬದಂತಿರಬೇಕೆಂದು ೧೯೬೧ರ ಕೊನೆಯಲ್ಲಿ ಕಂಪನಿಯದೇ ಒಂದು ಸಮಿತಿ ವರದಿ ಕೊಟ್ಟಿತು. ಅದರ ಫಲವಾಗಿ ೧೯೬೪ರ ಏಪ್ರಿಲ್ ೭ರಂದು ಘೋಷಣೆಯಾದದ್ದೇ ‘ಸಿಸ್ಟಂ ೩೬೦’. ವೃತ್ತದ ಮುನ್ನೂರ ಅರವತ್ತು ಡಿಗ್ರಿಗಳಂತೆ ಎಲ್ಲ ದಿಕ್ಕಿನ ಕೆಲಸಕ್ಕೂ ಒದಗುವುದು ಎಂಬುದು ಹೆಸರಿನ ಅರ್ಥ.

ಈ ಯೋಜನೆಯ ಹೊಣೆ ಹೊತ್ತವರು ಫ್ರೆಡರಿಕ್ ಬ್ರೂಕ್ಸ್ ಎಂಬ ತರುಣರು. ಹುಟ್ಟಿದ್ದು ೧೯೩೧ರಲ್ಲಿ, ನಾರ್ತ್ ಕೆರೊಲಿನಾ ಸಂಸ್ಥಾನದಲ್ಲಿ. ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದು ಐಬಿಎಂ ಸೇರಿದ್ದರು. ಅವರ ಆಯ್ಕೆಯೇ ಒಂದು ಸ್ವಾರಸ್ಯದ ಸಂಗತಿ. ಬಾಬ್ ಎವಾನ್ಸ್ ಎಂಬ ಹಿರಿಯ ಅಧಿಕಾರಿ ಹೊಸ ಕುಟುಂಬದ ಪರವಾಗಿದ್ದರೆ, ಬ್ರೂಕ್ಸರು ‘೮೦೦೦’ ಎಂಬ ಬೇರೊಂದು ಯಂತ್ರಸರಣಿಯನ್ನು ಹಿಡಿದು ಅವರ ವಿರುದ್ಧ ವಾದಿಸಿದ್ದರು. ವಾದದಲ್ಲಿ ಎವಾನ್ಸರು ಗೆದ್ದರು. ಗೆದ್ದವರು ಮಾಡಿದ ಮೊದಲ ಕೆಲಸವೆಂದರೆ, ಸೋತ ಬ್ರೂಕ್ಸರನ್ನೇ ಕರೆದು ಹೊಸ ಯೋಜನೆಯ ಚುಕ್ಕಾಣಿ ಕೊಟ್ಟದ್ದು. ನಮ್ಮ ಮಾತಿಗೆ ತಲೆದೂಗಿದವನನ್ನು ಮೇಲೇರಿಸುವುದು ಎಲ್ಲ ಕಚೇರಿಗಳ ಪದ್ಧತಿ. ಎದುರು ನಿಂತು ವಾದಿಸಿದವನ ಯೋಗ್ಯತೆಯನ್ನು ಕಂಡು ಹೊಣೆ ಒಪ್ಪಿಸುವುದಕ್ಕೆ ದೊಡ್ಡ ಮನಸ್ಸು ಬೇಕು.

ಯಂತ್ರಗಳ ಕೆಲಸ ಒಂದು ಹದಕ್ಕೆ ಬಂದ ಮೇಲೆ ಬ್ರೂಕ್ಸರು ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ, ಅಂದರೆ ಆಪರೇಟಿಂಗ್ ಸಿಸ್ಟಂ ತಯಾರಿಕೆಯ ಮುಖ್ಯಸ್ಥರಾದರು. ಅಲ್ಲಿಂದ ಕಷ್ಟ ಆರಂಭವಾಯಿತು. ಕೆಲಸ ಬಿರುಸಾಗಿದ್ದಾಗ ಅದರಲ್ಲಿ ತೊಡಗಿದ್ದವರು ಸಾವಿರಕ್ಕೂ ಹೆಚ್ಚು ಮಂದಿ. ೧೯೬೩ರಿಂದ ೧೯೬೬ರವರೆಗೆ ಅದಕ್ಕೆ ಹಿಡಿದ ಶ್ರಮ, ಒಬ್ಬನೇ ಮನುಷ್ಯನ ಲೆಕ್ಕದಲ್ಲಿ, ಸುಮಾರು ಐದು ಸಾವಿರ ವರ್ಷ. ನಮ್ಮ ಪಂಚಾಂಗದ ಪ್ರಕಾರ ಕಲಿಯುಗದ ಮೊದಲ ದಿನ ಕೆಲಸಕ್ಕೆ ಕೂತವನು ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಮುಗಿಸಿ ಏಳುತ್ತಿದ್ದನೆಂದು ಹೇಳಬಹುದು! ಇಷ್ಟಾದರೂ ಸರಕು ಗೊತ್ತಾದ ಕಾಲಕ್ಕೆ ಬರಲಿಲ್ಲ. ಖರ್ಚು ಅಂದಾಜಿನ ಹಲವು ಪಟ್ಟಾಯಿತು. ಯಂತ್ರದ ಸ್ಮರಣೆಯಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ಜಾಗ ಹಿಡಿಯಿತು. ನಾಲ್ಕಾರು ಬಾರಿ ತಿದ್ದಿದ ಮೇಲಷ್ಟೇ ಅದು ಚೆನ್ನಾಗಿ ನಡೆಯಿತು.

ಒಂದು ರಾತ್ರಿಯ ನಿರ್ಧಾರ

ತೊಡಕಿನ ಬೇರುಗಳಲ್ಲಿ ಒಂದನ್ನು ಬ್ರೂಕ್ಸರೇ ಬಿಚ್ಚಿ ತೋರಿಸಿದ್ದಾರೆ. ಪ್ರೋಗ್ರಾಂ ಬರೆಯುವುದಕ್ಕೆ ಮುಂಚೆ ಅದು ಏನೇನು ಮಾಡಬೇಕೆಂಬ ಸಂಪೂರ್ಣ ವಿವರವನ್ನು ಯಾರು ಬರೆಯಬೇಕೆಂದು ಒಂದು ರಾತ್ರಿ ಮೂವರು ಕೂತು ಚರ್ಚಿಸಿದರು. ವಿನ್ಯಾಸದ ಮುಖ್ಯಸ್ಥನ ಕೈಕೆಳಗೆ ಸಮರ್ಥರಾದ ಹತ್ತು ಮಂದಿ ಇದ್ದರು. ತಾವು ಇದನ್ನು ಸರಿಯಾಗಿ ಮಾಡಬಲ್ಲೆವು, ಆದರೆ ಹತ್ತು ತಿಂಗಳು ಬೇಕು, ಗೊತ್ತುಮಾಡಿದ್ದಕ್ಕಿಂತ ಮೂರು ತಿಂಗಳು ಹೆಚ್ಚು ಎಂದು ಆತ ಹೇಳಿದ. ಪ್ರೋಗ್ರಾಂ ಬರೆಯುವ ಪಡೆಯ ಮುಖ್ಯಸ್ಥನ ಬಳಿ ನೂರೈವತ್ತು ಮಂದಿ. ತಮಗೆ ಬಿಟ್ಟರೆ ಹೇಳಿದ ಕಾಲಕ್ಕೇ ಮುಗಿಸುತ್ತೇವೆ, ಇಲ್ಲದಿದ್ದರೆ ಇಷ್ಟು ಜನ ಹತ್ತು ತಿಂಗಳು ಕೈಕಟ್ಟಿ ಕೂರಬೇಕಾಗುತ್ತದೆ ಎಂದು ಆತನ ವಾದ. ಅವರಿಗೆ ಕೊಟ್ಟರೂ ಮೂರು ತಿಂಗಳು ತಡವಾಗಿಯೇ ಆಗುತ್ತದೆ, ಕೆಲಸವೂ ಕೆಡುತ್ತದೆ ಎಂದು ಮೊದಲನೆಯವನು ಎಚ್ಚರಿಸಿದ.

ಬ್ರೂಕ್ಸರು ನೂರೈವತ್ತು ಮಂದಿಗೆ ಒಪ್ಪಿಸಿದರು. ಎಚ್ಚರಿಕೆಯ ಎರಡು ಮಾತೂ ನಿಜವಾದವು. ಅಷ್ಟಕ್ಕೇ ಮುಗಿಯಲಿಲ್ಲ. ನೂರಾರು ತಲೆಗಳಿಂದ ಬಂದ ವಿವರಕ್ಕೆ ಒಂದು ಏಕಸೂತ್ರತೆ ಇಲ್ಲದೆ, ತಪ್ಪುಗಳನ್ನು ಹುಡುಕಿ ತಿದ್ದುವುದಕ್ಕೆ ಇನ್ನೊಂದು ವರ್ಷ ಹೆಚ್ಚಾಗಿ ಹಿಡಿಯಿತೆಂದು ಅವರ ಅಂದಾಜು.

ಇಲ್ಲಿ ವಾಚಕರು ಗಮನಿಸಬೇಕಾದದ್ದು, ಅವರನ್ನು ದಾರಿ ತಪ್ಪಿಸಿದ ವಾದ ಯಾವುದೆಂಬುದನ್ನು. ಕೊಟ್ಟ ಗಡುವಿನ ಒತ್ತಡ ಒಂದು. ಸಂಬಳ ತೆಗೆದುಕೊಳ್ಳುವವರು ಸುಮ್ಮನೆ ಕೂತಿರುವುದು ಕಣ್ಣಿಗೆ ಹಿತವಲ್ಲ ಎಂಬುದು ಇನ್ನೊಂದು. ಕೂತವನು ಕಣ್ಣಿಗೆ ಕಾಣುತ್ತಾನೆ; ಅವನಿಗೆ ಅವಸರದಲ್ಲಿ ಕೊಟ್ಟ ಕೆಲಸದಿಂದ ಮುಂದೆ ಹುಟ್ಟುವ ತೊಂದರೆ ಅಂದು ಕಾಣುವುದಿಲ್ಲ. ಕಾರ್ಖಾನೆಯಿರಲಿ, ಸರ್ಕಾರದ ಇಲಾಖೆಯಿರಲಿ, ಈ ಒಂದು ಮೋಹಕ್ಕೆ ಸಿಕ್ಕಿ ಕೆಟ್ಟ ಕೆಲಸಗಳಿಗೆ ಲೆಕ್ಕವಿಲ್ಲ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಬ್ರೂಕ್ಸರು ಐಬಿಎಂ ಬಿಟ್ಟು ತಮ್ಮ ಊರ ಕಡೆಯ ಚಾಪೆಲ್ ಹಿಲ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಲ್ಲಿ ಕಂಪ್ಯೂಟರ್ ವಿಜ್ಞಾನದ ವಿಭಾಗ ಕಟ್ಟಿದರು. ಪ್ರೋಗ್ರಾಂ ಕೆಲಸವನ್ನು ನಿಭಾಯಿಸುವುದು ಯಂತ್ರ ಕಟ್ಟುವುದಕ್ಕಿಂತ ಏಕೆ ಕಷ್ಟ ಎಂದು ಕಂಪನಿಯ ಅಧ್ಯಕ್ಷ ಟಾಮ್ ವಾಟ್ಸನ್ ಅವರನ್ನು ಕೇಳಿದ್ದರು. ಆ ಪ್ರಶ್ನೆಗೆ ಹತ್ತು ವರ್ಷ ತಡವಾಗಿ ಬಂದ ಉತ್ತರವೇ ೧೯೭೫ರಲ್ಲಿ ಪ್ರಕಟವಾದ ‘ದಿ ಮಿಥಿಕಲ್ ಮ್ಯಾನ್‌ಮಂತ್’ ಎಂಬ ಚಿಕ್ಕ ಪುಸ್ತಕ.

ಆಳು ಮತ್ತು ತಿಂಗಳು ಒಂದರ ಬದಲು ಒಂದು ಕೊಡಬಹುದಾದ ನಾಣ್ಯಗಳಲ್ಲ ಎಂಬುದು ಅದರ ತಿರುಳು. ಹತ್ತು ಜನ ಹನ್ನೆರಡು ತಿಂಗಳಲ್ಲಿ ಮಾಡುವುದನ್ನು ನೂರಿಪ್ಪತ್ತು ಜನ ಒಂದು ತಿಂಗಳಲ್ಲಿ ಮಾಡುತ್ತಾರೆಂಬುದು ಶಾಲೆಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ನಿಜ. ಬಸುರಿಗೆ ಒಂಬತ್ತು ತಿಂಗಳು ತುಂಬಲೇಬೇಕು. ಒಂಬತ್ತು ಮಂದಿ ಹಂಚಿಕೊಂಡು ಒಂದು ತಿಂಗಳಲ್ಲಿ ಹೆರಲಾಗದು. ತಡವಾದ ಪ್ರೋಗ್ರಾಂಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬ ಅವರ ಮಾತು ಇಂದು ‘ಬ್ರೂಕ್ಸ್ ನಿಯಮ’ವೆಂದೇ ಹೆಸರಾಗಿದೆ. ಕಾರಣ ಸರಳ. ಹೊಸಬನಿಗೆ ಕೆಲಸ ಕಲಿಸುವವನು ಹಳಬನೇ. ಕಲಿಸುವಷ್ಟು ಕಾಲ ಅವನ ಕೆಲಸ ನಿಂತಿರುತ್ತದೆ. ಜೊತೆಗೆ ಒಬ್ಬರು ಇನ್ನೊಬ್ಬರೊಡನೆ ಆಡಬೇಕಾದ ಮಾತು ಬೆಳೆಯುತ್ತದೆ. ಮೂವರಿದ್ದರೆ ಮೂರು ಜೋಡಿ. ಹತ್ತು ಮಂದಿಗೆ ನಲವತ್ತೈದು ಜೋಡಿ. ನೂರೈವತ್ತು ಮಂದಿಗೆ ೧೧,೧೭೫ ಜೋಡಿ!

ಹಾಗಾದರೆ ಉಪಾಯವೇನು? ಅವರು ಹೇಳಿದ್ದರಲ್ಲಿ ಮೂರು ಮಾತು ನನಗೆ ಎಲ್ಲ ಉದ್ಯಮಕ್ಕೂ ಸಲ್ಲುವಂಥವೆಂದು ಕಾಣುತ್ತದೆ.

ಮೊದಲನೆಯದು, ಕಾಲದ ಹಂಚಿಕೆ. ಮೂರರಲ್ಲಿ ಒಂದು ಭಾಗ ಯೋಚನೆಗೆ, ಆರರಲ್ಲಿ ಒಂದು ಭಾಗ ಬರೆಯುವುದಕ್ಕೆ, ಉಳಿದ ಅರ್ಧ ಪರೀಕ್ಷಿಸಿ ತಿದ್ದುವುದಕ್ಕೆ ಎಂದು ಅವರ ಸೂತ್ರ. ನಾವು ಮಾಡುವುದು ಇದಕ್ಕೆ ವಿರುದ್ಧ. ಬರೆಯುವುದನ್ನೇ ಕೆಲಸವೆಂದು ಎಣಿಸಿ, ಪರೀಕ್ಷೆಗೆ ಕೊನೆಯ ವಾರ ಬಿಟ್ಟು, ಗಿರಾಕಿಗೆ ಸರಕು ಮುಟ್ಟಬೇಕಾದ ಮುನ್ನಾದಿನ ಕಣ್ಣು ಬಿಡುತ್ತೇವೆ.

ಎರಡನೆಯದು, ಮೈಲಿಗಲ್ಲು ಸ್ಪಷ್ಟವಾಗಿರಬೇಕು. ‘ನೂರಕ್ಕೆ ತೊಂಬತ್ತು ಭಾಗ ಆಗಿದೆ’ ಎಂಬ ವರದಿಗೆ ಅರ್ಥವಿಲ್ಲ. ಕೆಲಸದ ಅರ್ಧ ಕಾಲವೆಲ್ಲ ಅದು ತೊಂಬತ್ತರಲ್ಲೇ ನಿಂತಿರುತ್ತದೆ. ಆಗಿದೆ ಅಥವಾ ಆಗಿಲ್ಲ ಎಂದು ಯಾರು ನೋಡಿದರೂ ಹೇಳಬಲ್ಲಂಥ ಗುರುತುಗಳನ್ನು ನೆಡಬೇಕು. ಯೋಜನೆ ಒಂದು ವರ್ಷ ಹಿಂದೆ ಬೀಳುವುದು ಒಮ್ಮೆಗೇ ಅಲ್ಲ, ಒಂದೊಂದು ದಿನವಾಗಿ. ಇಂದು ಒಬ್ಬನಿಗೆ ಜ್ವರ, ನಾಳೆ ಯಂತ್ರ ಕೆಟ್ಟಿತು. ಇಂಥ ಸಣ್ಣ ದಿನಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೂರನೆಯದು ಮೇಲಧಿಕಾರಿಗೆ ಹೇಳಿದ್ದು. ಕೈಕೆಳಗಿನವನು ಕಷ್ಟ ಹೇಳಿಕೊಂಡ ಕೂಡಲೇ ಎಗರಾಡಿದರೆ, ಇಲ್ಲವೆ ಅವನ ಕೈಯಿಂದ ಕೆಲಸ ಕಿತ್ತುಕೊಂಡರೆ, ಮುಂದಿನ ಸಲ ಅವನು ಹೇಳುವುದಿಲ್ಲ. ಕೆಟ್ಟ ಸುದ್ದಿಯನ್ನು ಶಾಂತವಾಗಿ ಕೇಳಬಲ್ಲವನಿಗೆ ಮಾತ್ರ ನಿಜವಾದ ಸುದ್ದಿ ಮುಟ್ಟುತ್ತದೆ.

ಬ್ರೂಕ್ಸರ ಮಾತೆಲ್ಲ ವೇದವಾಕ್ಯವಲ್ಲ. ತಮ್ಮ ನಿಯಮ ಅತಿಯಾಗಿ ಸರಳಗೊಳಿಸಿದ್ದೆಂದು ಅವರೇ ಹೇಳಿದ್ದಾರೆ. ಮೊದಲು ಕಟ್ಟಿದ್ದನ್ನು ಎಸೆದು ಎರಡನೆಯದನ್ನು ಕಟ್ಟುವ ಸಿದ್ಧತೆ ಇರಲಿ ಎಂಬ ಸಲಹೆಯನ್ನು ೧೯೯೫ರ ಆವೃತ್ತಿಯಲ್ಲಿ ಹಿಂದಕ್ಕೆ ಪಡೆದು, ಸ್ವಲ್ಪ ಸ್ವಲ್ಪವಾಗಿ ಕಟ್ಟಿ ಬೆಳೆಸುವುದೇ ಲೇಸೆಂದರು. ಯೋಜನೆಯೂ ಸೋತು ಮಣ್ಣಾಗಲಿಲ್ಲ. ‘ಸಿಸ್ಟಂ ೩೬೦’ ಐಬಿಎಂಗೆ ಅಪಾರ ಯಶಸ್ಸು ತಂದಿತು. ಆದರೆ ಯಶಸ್ಸಿನ ಲೆಕ್ಕದಲ್ಲಿ ನಿದ್ದೆಗೆಟ್ಟವರ ರಾತ್ರಿಗಳು ಸೇರುವುದಿಲ್ಲ. ಆಗದ ದಿನಾಂಕಕ್ಕೆ ಮೇಲಿನವರು ಒಪ್ಪಿಕೊಂಡು ಬಂದಾಗ ಅದನ್ನು ತೀರಿಸುವವರು ಕೆಳಗಿನವರು. ರಾತ್ರಿ ಹತ್ತು ಗಂಟೆಗೂ ಕಂಪ್ಯೂಟರ್ ಮುಂದಿನಿಂದ ಏಳದ ಮಗನನ್ನೋ ಸೊಸೆಯನ್ನೋ ಊಟಕ್ಕೆ ಕಾಯುವ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬ್ರೂಕ್ಸರು ೨೦೨೨ರ ನವೆಂಬರಿನಲ್ಲಿ ತೀರಿಕೊಂಡರು. ಕಂಪ್ಯೂಟರ್ ಕ್ಷೇತ್ರದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ೧೯೯೯ರಲ್ಲೇ ಅವರಿಗೆ ಸಂದಿತ್ತು. ಆದರೂ ನನಗೆ ಅವರಲ್ಲಿ ದೊಡ್ಡದಾಗಿ ಕಾಣುವುದು, ಆ ರಾತ್ರಿಯ ತಪ್ಪನ್ನು ನೂರೈವತ್ತು ಮಂದಿಯ ಮೇಲೂ ಹೊರಿಸದೆ, ಅವರ ಮುಖ್ಯಸ್ಥನ ಮೇಲೂ ಹೊರಿಸದೆ, ನಿರ್ಧಾರ ನನ್ನದು ಎಂದು ಬರೆದಿಟ್ಟದ್ದು. ಆ ಒಂದು ಪುಟವನ್ನು ಓದಿದ ಯಾವ ವ್ಯವಸ್ಥಾಪಕನಾದರೂ, ‘ಹತ್ತು ತಿಂಗಳು ಬೇಕು’ ಎಂದು ನಿಜ ಹೇಳುವವನನ್ನು ಎದುರಿಗೆ ಕಂಡಾಗ, ಅವನ ಮಾತನ್ನು ಇನ್ನೊಮ್ಮೆ ಕೇಳಿಸಿಕೊಂಡಾನು.