ಫೋರ್ಕು ಬದಲಾದಾಗ: ಸೈಕಲ್ಲಿನ ಹಿಡಿತದ ಚರಿತ್ರೆಯಲ್ಲಿ ಒಂದು ಅಳತೆಯ ಏಳುಬೀಳು

ಕೈ ಬಿಟ್ಟರೂ ಸೈಕಲ್ ನೆಟ್ಟಗೆ ಓಡುವುದೇಕೆ ಎಂದು ಗಣಿತಜ್ಞರು ತಲೆ ಕೆಡಿಸಿಕೊಳ್ಳುವ ಹೊತ್ತಿಗೆ ಕಾರ್ಖಾನೆಗಳಲ್ಲಿ ಮುಂಚಕ್ರ ಹಿಡಿಯುವ ಫೋರ್ಕು ತನ್ನ ರೂಪ ಪಡೆದಾಗಿತ್ತು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ ರೋವರ್ ಸೈಕಲ್ಲಿನ ಮೊದಲ ಮಾದರಿಯಲ್ಲಿ ಹ್ಯಾಂಡಲಿಗೂ ಫೋರ್ಕಿಗೂ ನಡುವೆ ಸರಳುಗಳ ಕೊಂಡಿಯಿತ್ತು. ಆಮೇಲಿನ ಮಾದರಿಯಲ್ಲಿ ಕೊಂಡಿ ಹೋಯಿತು. ಫೋರ್ಕು ಸವಾರನತ್ತ ವಾಲಿತು, ಹ್ಯಾಂಡಲ್ ನೇರವಾಗಿ ಅದರ ತಲೆಗೇ ಕೂತಿತು. ಇಂದಿನ ಸೈಕಲ್ಲುಗಳೆಲ್ಲ ಈ ವಂಶದವೇ. ಕೇಂಬ್ರಿಜ್‌ನ ಫ್ರಾನ್ಸಿಸ್ ವಿಪಲ್ ಸೈಕಲ್ಲಿನ ಚಲನೆಗೆ ಸಮೀಕರಣ ಬರೆದದ್ದು 1899ರಲ್ಲಿ.

ಫೋರ್ಕು ತಿರುಗುವ ಅಕ್ಷವನ್ನು ಕೆಳಕ್ಕೆ ಎಳೆದರೆ, ಟೈರು ನೆಲ ಮುಟ್ಟುವ ಜಾಗಕ್ಕಿಂತ ತುಸು ಮುಂದೆ ಅದು ನೆಲ ತಾಕುತ್ತದೆ. ಈ ಅಂತರವೇ ಟ್ರೇಲ್. ಟ್ರಾಲಿಯ ಪುಟ್ಟ ಚಕ್ರ ತಳ್ಳಿದ ಕಡೆಗೆ ತಾನೇ ಹೊರಳಿಕೊಳ್ಳುವುದೂ ಇಂಥದೇ ಅಂತರದಿಂದ. ಅಕ್ಷದಿಂದ ಚಕ್ರದ ಅಚ್ಚು ಮುಂದಕ್ಕೆ ಚಾಚಿರುವ ದೂರ ರೇಕ್. ರೇಕ್ ಹೆಚ್ಚಾದರೆ ಟ್ರೇಲ್ ಕಡಿಮೆಯಾಗುತ್ತದೆ. ಇದನ್ನು ತಲೆಕೆಳಗಾಗಿ ತಿಳಿದವರೇ ಹೆಚ್ಚು. ಆ ಅಕ್ಷ ನೆಲದೊಂದಿಗೆ ಮಾಡುವ ಹೆಡ್ ಕೋನ 73 ಡಿಗ್ರಿ, ಚಕ್ರದ ತ್ರಿಜ್ಯ 340 ಮಿಲಿಮೀಟರ್, ರೇಕ್ 45 ಎಂದುಕೊಂಡರೆ ಟ್ರೇಲ್ ಸುಮಾರು 57 ಮಿಲಿಮೀಟರ್. ರೇಕ್ 50 ಆದರೆ ಟ್ರೇಲ್ 52ಕ್ಕೆ ಇಳಿದು ಹ್ಯಾಂಡಲ್ ಚುರುಕಾಗುತ್ತದೆ. ನಮ್ಮೂರಿನ ಅಟ್ಲಾಸ್, ಹೀರೋ ಸೈಕಲ್ಲುಗಳು ಎದುರಿಗೆ ಗುದ್ದಿ ಫೋರ್ಕು ಹಿಂದಕ್ಕೆ ಮಣಿದಾಗ ಆಗುವುದು ಇದರ ಉಲ್ಟಾ. ಹ್ಯಾಂಡಲ್ ಭಾರವಾಗುತ್ತದೆ, ತಿರುವಿನಲ್ಲಿ ಕಾಲ್ಬೆರಳು ಮಡ್‌ಗಾರ್ಡಿಗೆ ತಾಕುತ್ತದೆ. ಸೈಕಲ್ ಶಾಪಿನವರು ಬೆಂಡ್ ತೆಗೆಯುವಾಗ ಕಣ್ಣಳತೆಯಲ್ಲೇ ವಾಪಸು ತರುವುದು ಈ ರೇಕನ್ನು.

ಫೋರ್ಕನ್ನು ಬೇಕೆಂದೇ ಹಿಂದುಮುಂದಾಗಿ ಕೂರಿಸಿದ್ದೂ ಉಂಟು. ಮೋಟಾರ್‌ಸೈಕಲ್ಲಿನ ಬೆನ್ನ ಹಿಂದೆಯೇ ಓಡುವ ಸ್ಟೇಯರ್ ರೇಸು ಯುರೋಪಿನ ವೆಲೋಡ್ರೋಮ್‌ಗಳಲ್ಲಿ ಜನಪ್ರಿಯವಾಗಿತ್ತು. 1994ರವರೆಗೂ ಅದಕ್ಕೆ ವಿಶ್ವ ಚಾಂಪಿಯನ್‌ಶಿಪ್ ಇತ್ತು. ಮೋಟಾರ್‌ಸೈಕಲ್ಲಿನ ಹಿಂಬದಿಗೆ ಕಟ್ಟಿದ ರೋಲರಿಗೆ ಹತ್ತಿರವಾದಷ್ಟೂ ಸವಾರನಿಗೆ ಗಾಳಿಯ ತಡೆ ಕಡಿಮೆ. ಅದಕ್ಕಾಗಿ ಮುಂಚಕ್ರ ಚಿಕ್ಕದು, ಫೋರ್ಕಿನ ಬಾಗು ಹಿಂದಕ್ಕೆ.

ಇದೇ ತಿರುವುಮುರುವನ್ನು ಪ್ರಯೋಗವಾಗಿ ಮಾಡಿ ನೋಡಿದವರು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಡೇವಿಡ್ ಜೋನ್ಸ್. ಯಾರಿಗೂ ಓಡಿಸಲಾಗದ ಸೈಕಲ್ ಕಟ್ಟಬೇಕೆಂಬ ವಿಚಿತ್ರ ಹಟ ಅವರದು. ಅದರ ವರದಿ 1970ರ ಏಪ್ರಿಲ್‌ನಲ್ಲಿ ‘ಫಿಸಿಕ್ಸ್ ಟುಡೇ’ಯಲ್ಲಿ ಬಂತು. ಮೊದಲು ಮುಂಚಕ್ರದ ಪಕ್ಕದಲ್ಲಿ, ನೆಲಕ್ಕೆ ತಾಗದಂತೆ, ಇನ್ನೊಂದು ಚಕ್ರ ಕಟ್ಟಿ ಅದನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದರು. ತಿರುಗುವ ಚಕ್ರದ ಗೈರೋಸ್ಕೋಪ್ ಬಲವೇ ಸೈಕಲ್ಲನ್ನು ನಿಲ್ಲಿಸುತ್ತದೆ ಎಂಬ ಮಾತು ನಿಜವಾಗಿದ್ದರೆ ಆ ಸೈಕಲ್ ಬೀಳಬೇಕಿತ್ತು. ಜೋನ್ಸ್ ಅದನ್ನು ಸಲೀಸಾಗಿ ಓಡಿಸಿದರು. ಆಮೇಲೆ ಫೋರ್ಕನ್ನು ಹಿಂದುಮುಂದು ಮಾಡಿದರು. ಸವಾರನಿಲ್ಲದೆ ತಳ್ಳಿಬಿಟ್ಟರೆ ಆ ಸೈಕಲ್ ಬೆರಗಾಗುವಷ್ಟು ದೂರ ತಾನೇ ಓಡಿತು, ಆದರೆ ಹತ್ತಿ ಕೂತವರಿಗೆ ಹಿತವೆನಿಸಲಿಲ್ಲ. ಕೊನೆಗೆ ಮುಂಚಕ್ರವನ್ನು ನಾಲ್ಕು ಇಂಚು ಮುಂದಕ್ಕೆ ಸರಿಸಿ ಟ್ರೇಲನ್ನು ಋಣಾತ್ಮಕ ಮಾಡಿದಾಗ ಮಾತ್ರ ಸವಾರಿ ನಿಜಕ್ಕೂ ಅಪಾಯಕರವಾಯಿತು. ಈ ಲೇಖನದ ಬಳಿಕ ಟ್ರೇಲ್ ಎಲ್ಲವನ್ನೂ ವಿವರಿಸುವ ಏಕೈಕ ಸಂಖ್ಯೆ ಎಂಬಂತೆ ಮೆರೆಯಿತು.

ಆ ಮೆರವಣಿಗೆ ನಿಂತದ್ದು 2011ರಲ್ಲಿ. ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳವರಿದ್ದ ತಂಡ ಗೈರೋಸ್ಕೋಪ್ ಬಲವನ್ನು ರದ್ದುಮಾಡಿ, ಟ್ರೇಲನ್ನೂ ಸೊನ್ನೆಗಿಂತ 4 ಮಿಲಿಮೀಟರ್ ಕೆಳಗಿಳಿಸಿದ ಯಂತ್ರವೊಂದನ್ನು ಕಟ್ಟಿ, ಅದು ತಾನಾಗಿ ಸಮತೋಲ ಕಾಯ್ದುಕೊಳ್ಳುವುದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿತು. ಫೋರ್ಕು, ಹ್ಯಾಂಡಲ್‌ಗಳ ತೂಕ ಎಲ್ಲಿ ಕೂತಿದೆ ಎಂಬುದಕ್ಕೂ ಅಷ್ಟೇ ಬೆಲೆಯಿತ್ತು. ಹಾಗೆಂದು ಜೋನ್ಸ್ ತಪ್ಪಲ್ಲ. ಅವರನ್ನು ಅವಸರದಲ್ಲಿ ಓದಿದವರು ತಪ್ಪಿದರು.

ನನ್ನ ಮಟ್ಟಿಗೆ, ಫೋರ್ಕು ಬದಲಿಸುವವರು ರೇಕಿಗಿಂತ ಮೊದಲು ನೋಡಬೇಕಾದದ್ದು ಉದ್ದವನ್ನು. ಪಾಲ್ ಟರ್ನರ್ ರೂಪಿಸಿದ ರಾಕ್‌ಶಾಕ್ಸ್ ಸಸ್ಪೆನ್ಷನ್ ಫೋರ್ಕಿನೊಂದಿಗೆ ಗ್ರೆಗ್ ಹರ್ಬೋಲ್ಡ್ 1990ರಲ್ಲಿ ಡುರಾಂಗೊದಲ್ಲಿ ಮೌಂಟನ್ ಬೈಕಿನ ಡೌನ್‌ಹಿಲ್ ವಿಶ್ವ ಪ್ರಶಸ್ತಿ ಗೆದ್ದ ಮೇಲೆ, ಗಟ್ಟಿ ಫೋರ್ಕು ತೆಗೆದು ಸಸ್ಪೆನ್ಷನ್ ಹಾಕಿಸುವ ಹುಚ್ಚು ಹಬ್ಬಿತು. ಹಳೆಯ ಫ್ರೇಮಿಗೆ 40 ಮಿಲಿಮೀಟರ್ ಹೆಚ್ಚು ಉದ್ದದ ಫೋರ್ಕು ಹಾಕಿದರೆ ಹೆಡ್ ಕೋನ ಸುಮಾರು 2 ಡಿಗ್ರಿ ಮಲಗುತ್ತದೆ, 73ರಷ್ಟಿದ್ದ ಟ್ರೇಲ್ 86ಕ್ಕೆ ಏರುತ್ತದೆ. ಪೆಡಲಿನ ಅಚ್ಚು ಮೇಲೇಳುತ್ತದೆ, ಸೀಟು ಹಿಂದಕ್ಕೆ ವಾಲುತ್ತದೆ. ಇಳಿಜಾರಿನಲ್ಲಿ ಇದು ವರ. ಏರಿನಲ್ಲಿ, ನಿಧಾನವಾಗಿ ಹೋಗುವಾಗ, ಮುಂಚಕ್ರ ಅತ್ತಿತ್ತ ಅಲೆಯುತ್ತ ಹ್ಯಾಂಡಲ್ ಪಕ್ಕಕ್ಕೆ ಬೀಳಲು ನೋಡುತ್ತದೆ. ತಯಾರಕರು ಉದ್ದದ ಫೋರ್ಕಿಗೆ ಜಾಗ ಬಿಟ್ಟೇ ಫ್ರೇಮು ಬೆಸೆಯತೊಡಗಿದ್ದು ಆಮೇಲೆ.

29 ಇಂಚಿನ ಚಕ್ರ ಬಂದಾಗ ಮತ್ತೆ ಹಗ್ಗಜಗ್ಗಾಟ. ದೊಡ್ಡ ಚಕ್ರದ ಟ್ರೇಲ್ ಜಾಸ್ತಿ, ಜಡ ಎಂದು ಗ್ಯಾರಿ ಫಿಶರ್ ಕಂಪನಿ ರೇಕನ್ನು 51ಕ್ಕೆ ಏರಿಸಿತು. ಸುಮಾರು ಹತ್ತು ವರ್ಷದಲ್ಲಿ ಹೆಡ್ ಕೋನ 66ರ ಆಸುಪಾಸಿಗೆ ಮಲಗಿದಾಗ ಬೇರೆ ತಯಾರಕರು ಸ್ಥಿರತೆಯ ಹೆಸರಿನಲ್ಲಿ ಅದನ್ನೇ 44ಕ್ಕೆ ಇಳಿಸಿದರು. ಲೆಕ್ಕ ಹಾಕಿದರೆ ಈ 7 ಮಿಲಿಮೀಟರಿನಿಂದ ಟ್ರೇಲ್ 8 ಮಿಲಿಮೀಟರಿನಷ್ಟೂ ಹೆಚ್ಚುವುದಿಲ್ಲ. ಕೋನವೊಂದೇ ಮಲಗಿದ್ದರಿಂದ ಹೆಚ್ಚಿದ್ದು ಅದರ ಹಲವು ಪಟ್ಟು.